ಗಾಳಿ ಕುಡಿಸದ ಪುಡಿ

ಕೊಳವೆಗೆ ಅಂಟಿಸಿದ್ದ ಚೀಟಿಯನ್ನು ಕಿತ್ತವಳು ನಾನೇ. ಉಪಕರಣಗಳ ಮೇಲೆ ಕಾಗದ ಅಂಟಿಸಬಾರದೆಂಬುದು ನಮ್ಮ ಪ್ರಯೋಗಾಲಯದ ನಿಯಮ. ಆ ನಿಯಮ ಮಾಡಿದವಳೂ ನಾನೇ. ಚೀಟಿಯನ್ನು ನಾಲ್ಕಾಗಿ ಮಡಿಸಿ ಕೋಟಿನ ಜೇಬಿಗೆ ಹಾಕಿಕೊಂಡೆ. ಓದಿ ನೋಡುವ ಅಗತ್ಯವಿರಲಿಲ್ಲ. ಅದನ್ನು ಬರೆದ ಹುಡುಗಿ ಎರಡು ಗಂಟೆ ಮೊದಲು ನನ್ನೆದುರು ನಿಂತು ಅದೇ ಮಾತನ್ನು ಹೇಳಿ ಹೋಗಿದ್ದಳು.

ಮುಂದಿನ ಹತ್ತು ನಿಮಿಷದಲ್ಲಿ ನಾನು ಮಾಡಿದ್ದನ್ನೂ ಆಮೇಲಿನ ಮೂರು ತಿಂಗಳು ಮಾಡದೆ ಬಿಟ್ಟದ್ದನ್ನೂ ಇಲ್ಲಿ ಬರೆಯುತ್ತಿದ್ದೇನೆ. ಕ್ರಮವಾಗಿ ಬರೆಯುತ್ತೇನೆ. ಬೇರೆ ರೀತಿ ನನಗೆ ಬರುವುದಿಲ್ಲ.

ನಾನು ಹಲಸೂರಿನವಳು. ಓದಿದ್ದು ಬೆಂಗಳೂರು ದಂಡು ಪ್ರದೇಶದ ಒಂದು ಕಾನ್ವೆಂಟಿನಲ್ಲಿ. ಬೆಳಿಗ್ಗೆ ಪ್ರಾರ್ಥನೆಗೆ ಮೊದಲು ಉಗುರು, ಕಾಲುಚೀಲ, ಕರ್ಚೀಫು ತೋರಿಸಬೇಕಿತ್ತು. ಗಂಟೆ ಹೊಡೆದ ಮೇಲೆ ಬಂದವರು ಗೇಟಿನ ಹೊರಗೆ ನಿಂತೇ ಪ್ರಾರ್ಥನೆ ಕೇಳಿಸಿಕೊಳ್ಳಬೇಕಿತ್ತು. ಓದಿದ ಅಷ್ಟೂ ವರ್ಷಗಳಲ್ಲಿ ನಾನು ಒಮ್ಮೆಯೂ ಹೊರಗೆ ನಿಲ್ಲಲಿಲ್ಲ ಎಂದು ಮದುವೆಯಾದ ಹೊಸದರಲ್ಲಿ ಗಂಡನಿಗೆ ಹೆಮ್ಮೆಯಿಂದ ಹೇಳಿದ್ದೆ. ಅವರು "ಪಾಪ" ಅಂದಿದ್ದರು.

ಆಮೇಲೆ ಮೂವತ್ತೆರಡು ವರ್ಷ ಒಂದೇ ಪ್ರಯೋಗಾಲಯದಲ್ಲಿ ಫೆರೈಟ್ ಮಾಡಿದೆ. ಫೆರೈಟ್ ಎಂದರೆ ಕಬ್ಬಿಣದ ಆಕ್ಸೈಡಿನಿಂದ ಮಾಡುವ ಕಾಂತ. ಸ್ಪೀಕರಿನ ಹಿಂದೆ ಇರುವ ಕಪ್ಪು ಉಂಗುರ ಅದೇ. ತುಂಬ ಸಾಧು ವಸ್ತು. ಸಾವಿರ ಡಿಗ್ರಿ ಮೀರಿದ ಕಾವಿನಲ್ಲಿ, ಗಾಳಿಯಲ್ಲೇ ಬೇಯಿಸಿ ಮಾಡಿದ್ದು. ಇನ್ನು ಗಾಳಿ ಅದಕ್ಕೆ ಏನು ಮಾಡೀತು? ಕುಲುಮೆ ತಣ್ಣಗಾದ ಮೇಲೆ ತೆಗೆಯಬೇಕು, ಶೀಶೆಗೆ ತುಂಬಬೇಕು, ಹೆಸರು ಬರೆದು ಕಪಾಟಿನಲ್ಲಿಟ್ಟು ಮನೆಗೆ ಹೋಗಬೇಕು. ನನ್ನ ಕೈ ಕಲಿತದ್ದು ಆ ಕೆಲಸವನ್ನು.

ನಿವೃತ್ತಿಯಾಗಿ ವರ್ಷವಾಗಿರಲಿಲ್ಲ, ಕೆ.ಆರ್. ಪುರದ ಆಚೆಯ ಒಂದು ಸಂಸ್ಥೆಯಿಂದ ಕರೆ ಬಂತು. ಕರೆದವರು ಅಲ್ಲಿನ ಪ್ರೊಫೆಸರು. ಹುಡುಗನಾಗಿದ್ದಾಗ ನನ್ನ ಬಳಿ ತಕ್ಕಡಿ ಹಿಡಿಯುವುದನ್ನು ಕಲಿತವರು. "ಮೇಡಂ, ಇಲ್ಲಿ ಲ್ಯಾಬ್ ಅನ್ನೋದು ಸಂತೆ ಥರ ಇದೆ. ನೀವು ಬಂದು ಒಂದು ಶಿಸ್ತಿಗೆ ತನ್ನಿ ಸಾಕು" ಅಂದರು. ಶಿಸ್ತಿಗೆ ತಂದೆ. ಬೆಳಿಗ್ಗೆ ಏಳೂ ಹತ್ತಕ್ಕೆ ಹಲಸೂರಿನಲ್ಲಿ ಮೆಟ್ರೊ ಹತ್ತಿ ಕೆ.ಆರ್. ಪುರದಲ್ಲಿ ಇಳಿದು, ಶೇರ್ ಆಟೊ ಹಿಡಿದು, ಎಂಟಕ್ಕೆ ಬಾಗಿಲು ತೆರೆಯುತ್ತಿದ್ದೆ. ಸಂಜೆ ಕಾಲು ಕಮ್ಮಿ ಐದಕ್ಕೆ ಎಲ್ಲ ಅನಿಲದ ಸಿಲಿಂಡರುಗಳು ಮುಚ್ಚಬೇಕು. ಐದಕ್ಕೆ ಮೇಜುಗಳು ಖಾಲಿಯಿರಬೇಕು. ಹುಡುಗರು ಹಿಂದಿನಿಂದ ನನ್ನನ್ನು "ಐದು ಗಂಟೆ" ಎಂದು ಕರೆಯುತ್ತಿದ್ದರು. "ಮಗಾ, ಐದು ಗಂಟೆ ಬಂತು, ಎತ್ತು ಎತ್ತು" ಅನ್ನುವುದು ಕಾರಿಡಾರಿನಲ್ಲಿ ಕೇಳುತ್ತಿತ್ತು. ನನಗೆ ಬೇಸರವಾಗುತ್ತಿರಲಿಲ್ಲ. ನಿಜ ಹೇಳಬೇಕೆಂದರೆ ಸಂತೋಷವಾಗುತ್ತಿತ್ತು.

ಆ ಹುಡುಗಿ ಪ್ರೊಫೆಸರರ ಕೈಕೆಳಗೆ ಸಂಶೋಧನೆ ಮಾಡುತ್ತಿದ್ದಳು. ಯಾದಗಿರಿ ಕಡೆಯವಳು. ಅಪ್ಪ ಅವ್ವ ಕಟ್ಟಡದ ಕೆಲಸಕ್ಕೆ ಬಂದು ಕೆ.ಆರ್. ಪುರದಲ್ಲಿ ಬಾಡಿಗೆಗೆ ಒಂದು ಕೋಣೆ ಹಿಡಿದಿದ್ದರು. ಅವಳು ಓದಿ ಬೆಳೆದದ್ದು ಅದೇ ಕೋಣೆಯಲ್ಲಿ. ಎಲ್ಲರ ಹತ್ತಿರ ಬೆಂಗಳೂರು ಕನ್ನಡ ಮಾತಾಡುವಳು, ನನ್ನ ಹತ್ತಿರ ಮಾತ್ರ ಮನೆಯ ಮಾತು. ಯಾಕೆಂದು ಒಮ್ಮೆ ಕೇಳಿದ್ದಕ್ಕೆ, "ನೀವು ನಗಂಗಿಲ್ರಿ, ಅದಕ್ಕ" ಅಂದಿದ್ದಳು. ನಾನು ಯಾರನ್ನು ನೋಡಿಯೂ ಹೆಚ್ಚು ನಗುವವಳಲ್ಲ ಎಂಬುದು ಅವಳಿಗೆ ತಿಳಿದಿತ್ತೋ ಇಲ್ಲವೋ.

ಅವಳು ಮಾಡುತ್ತಿದ್ದದ್ದು ಕಬ್ಬಿಣದ ನೈಟ್ರೈಡ್. ಬಲವಾದ ಕಾಂತಗಳಿಗೆ ಈಗ ಭೂಮಿಯಲ್ಲಿ ಅಪರೂಪವಾದ ಕೆಲವು ಧಾತುಗಳು ಬೇಕು. ಅವುಗಳ ಬದಲು ಬರೀ ಕಬ್ಬಿಣ ಮತ್ತು ಸಾರಜನಕದಿಂದ ಅಂಥ ಕಾಂತ ಮಾಡಬಹುದೇ ಎಂಬುದು ಪ್ರಶ್ನೆ. ಅದರ ಕಾಂತತ್ವ ಶುದ್ಧ ಕಬ್ಬಿಣವನ್ನೂ ಮೀರುತ್ತದೆ ಎಂದು ಕೆಲವರು ಹೇಳುತ್ತಾರೆ, ಕೆಲವರು ಒಪ್ಪುವುದಿಲ್ಲ. ಮಾಡುವ ವಿಧಾನ ಹೇಳಲು ಸುಲಭ. ಕಬ್ಬಿಣದ ಆಕ್ಸೈಡಿನ ನುಣ್ಣನೆಯ ಪುಡಿಯನ್ನು ದೋಣಿಯಾಕಾರದ ಪುಟ್ಟ ಪಿಂಗಾಣಿ ಪಾತ್ರೆಯಲ್ಲಿ ಹರಡಿ, ಕುಲುಮೆಯೊಳಗಿನ ಗಾಜಿನ ಕೊಳವೆಗೆ ತಳ್ಳಬೇಕು. ಮೊದಲು ಜಲಜನಕ ಹಾಯಿಸಿದರೆ ಆಕ್ಸೈಡು ಹೋಗಿ ಕಬ್ಬಿಣ ಉಳಿಯುತ್ತದೆ. ಕಾವು ತಗ್ಗಿಸಿ ಅಮೋನಿಯಾ ಹಾಯಿಸಿದರೆ, ಕಬ್ಬಿಣ ಅದರಿಂದ ಸಾರಜನಕವನ್ನು ನಿಧಾನವಾಗಿ ಎಳೆದುಕೊಳ್ಳುತ್ತದೆ. ಅವಸರಪಟ್ಟರೆ ಬೇಡದ ನೈಟ್ರೈಡ್ ಆಗುತ್ತದೆ. ಮೂರು ದಿನದ ಕೆಲಸ. ನನ್ನ ನಿಯಮದಿಂದಾಗಿ ಪ್ರತಿ ಸಂಜೆ ನಿಲ್ಲಿಸಿ ಪ್ರತಿ ಬೆಳಿಗ್ಗೆ ಮತ್ತೆ ಶುರು ಮಾಡಬೇಕಾಗಿ ಅವಳಿಗೆ ಐದು ದಿನ ಹಿಡಿಯುತ್ತಿತ್ತು. ಒಮ್ಮೆಯೂ ಗೊಣಗಲಿಲ್ಲ.

ಕೊನೆಯ ಹಂತವೇ ಸೂಕ್ಷ್ಮ. ಅಷ್ಟು ನುಣ್ಣನೆಯ ಪುಡಿ ಒಮ್ಮೆಲೇ ಗಾಳಿ ಕಂಡರೆ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಹಾಗಾಗಿ ಸಾರಜನಕದ ಜೊತೆ ಗಾಳಿಯನ್ನು ಎಳ್ಳಷ್ಟು ಎಳ್ಳಷ್ಟೇ ಬೆರೆಸಿ ಕೊಳವೆಗೆ ಬಿಡಬೇಕು. ಕಣಗಳ ಮೇಲೆ ತೆಳ್ಳನೆಯ ಪೊರೆ ಕಟ್ಟಿದ ಮೇಲೆ ಹೊರಗೆ ತೆಗೆಯಬಹುದು. ಅವಳು ಇದನ್ನು ಗಾಳಿ ಕುಡಿಸುವುದು ಅನ್ನುತ್ತಿದ್ದಳು.

ಆ ದಿನ ಮಧ್ಯಾಹ್ನ ಅವಳಿಗೆ ಮನೆಯಿಂದ ಫೋನು ಬಂತು. ಅವ್ವನಿಗೆ ಜ್ವರ ಏರಿ, ಕೆಲಸದ ಜಾಗದಲ್ಲೇ ಕುಸಿದಿದ್ದಳಂತೆ. ಕುಲುಮೆ ಇನ್ನೂ ತಣಿಯುತ್ತಿತ್ತು. ಹುಡುಗಿ ಒಂದು ಚೀಟಿ ಬರೆದು ಕೊಳವೆಗೆ ಅಂಟಿಸಿ ನನ್ನ ಮೇಜಿನ ಬಳಿ ಬಂದಳು.

"ಮೇಡಮ್, ನಾ ಹೋಗಬೇಕ್ರಿ. ಇದಕ್ಕ ಇನ್ನೂ ಗಾಳಿ ಕುಡಿಸಿಲ್ಲ. ನೈಟ್ರೋಜನ್ ಹಂಗೇ ಹರೀಲಿ, ನಾಳೆ ಬಂದು ನಾನೇ ನೋಡ್ತೀನಿ. ಯಾರೂ ಮುಟ್ಟಬಾರದ್ರಿ. ಸರ್‌ಗೂ ಹೇಳೀನಿ, ಹೂಂ ಅಂದಾರ."

"ಆಯ್ತಮ್ಮ, ಹೋಗು. ಆಟೊ ಹಿಡ್ಕೊಂಡು ಹೋಗು, ನಡ್ಕೊಂಡು ಹೋಗ್ಬೇಡ" ಅಂದೆ. ಅವಳ ಮಾತು ಪೂರ್ತಿ ಕೇಳಿಸಿತ್ತು. ಕೇಳಿಸಲಿಲ್ಲ ಎಂದು ಹೇಳಿಕೊಳ್ಳುವ ಅನುಕೂಲ ನನಗಿಲ್ಲ.

ಕಾಲು ಕಮ್ಮಿ ಐದಕ್ಕೆ ಸಿಲಿಂಡರು ಮುಚ್ಚುತ್ತ ಬಂದೆ. ಅವಳ ಸಾರಜನಕದ ಸಿಲಿಂಡರಿನ ಮುಂದೆ ಒಂದು ಕ್ಷಣ ನಿಂತೆ. ಕುಲುಮೆಯ ಮುಳ್ಳು ಕೋಣೆಯ ಕಾವಿಗೆ ಇಳಿದಿತ್ತು. ತಣ್ಣಗಾದ ಕೊಳವೆಗೆ ರಾತ್ರಿಯಿಡೀ ಅನಿಲ ಯಾಕೆ? ಯಾರೂ ಇಲ್ಲದ ಕೋಣೆಯಲ್ಲಿ ಸಿಲಿಂಡರು ತೆರೆದಿಡುವುದೆಂದರೇನು? ಇವತ್ತು ಒಬ್ಬಳಿಗೆ ಬಿಟ್ಟರೆ ನಾಳೆ ಹತ್ತು ಜನ ಕೇಳುತ್ತಾರೆ. ಹೀಗೆ ಯೋಚಿಸಿದೆ. ಪ್ರೊಫೆಸರು ಹೂಂ ಅಂದದ್ದು ನನ್ನನ್ನು ಕೇಳದೆ ಎಂಬುದೂ ಮನಸ್ಸಿನಲ್ಲಿತ್ತು. ಅದನ್ನು ಆಗ ಒಪ್ಪುತ್ತಿರಲಿಲ್ಲ, ಈಗ ಒಪ್ಪುತ್ತೇನೆ. ಚೀಟಿ ಕಿತ್ತೆ. ಸಿಲಿಂಡರು ಮುಚ್ಚಿದೆ. ಕೊಳವೆಯ ತುದಿಯ ಹಿಡಿಕೆ ಸಡಿಲಿಸಿ, ತಂತಿಯ ಕೊಕ್ಕೆಯಿಂದ ದೋಣಿಯನ್ನು ಹೊರಗೆಳೆದೆ. ಶೀಶೆಗೆ ತುಂಬಿ, ಹೆಸರು ಬರೆದು, ಕಪಾಟಿನಲ್ಲಿಡುವುದು ನನ್ನ ಉದ್ದೇಶ. ಫೆರೈಟಿಗೆ ಮಾಡುವಂತೆ.

ದೋಣಿ ಅರ್ಧ ಹೊರಬಂದಾಗ ಒಂದು ಮೂಲೆಯಲ್ಲಿ ಊದುಬತ್ತಿಯ ತುದಿಯಷ್ಟು ಕೆಂಪು ಕಾಣಿಸಿತು. ಜ್ವಾಲೆಯಿಲ್ಲ, ಸದ್ದಿಲ್ಲ. ಆ ಕೆಂಪು ಪುಡಿಯ ಮೇಲೆ ಹರಿದು ಹರಿದು ಇನ್ನೊಂದು ತುದಿ ಮುಟ್ಟಿತು. ಹತ್ತು ಹನ್ನೆರಡು ಸೆಕೆಂಡು ಇರಬಹುದು. ನಾನು ಕೊಕ್ಕೆ ಹಿಡಿದು ನೋಡುತ್ತಲೇ ನಿಂತಿದ್ದೆ. ಕೆಂಡ ಆರಿದಾಗ ಕಡುಬೂದಿ ಬಣ್ಣದ ಪುಡಿ ಇಟ್ಟಿಗೆಯ ಪುಡಿಯಂತಾಗಿತ್ತು. ಐದು ದಿನದ ಕೆಲಸ ಮತ್ತೆ ಶುರುವಿನ ಆಕ್ಸೈಡೇ ಆಗಿ ಕೂತಿತ್ತು.

ಆಗ ನಾನು ಮಾಡಿದ್ದು ಇದು. ದೋಣಿಯನ್ನು ಒಳಗೆ ತಳ್ಳಿದೆ. ಹಿಡಿಕೆ ಬಿಗಿ ಮಾಡಿದೆ. ಸಾರಜನಕ ಮತ್ತೆ ತೆರೆದೆ. ಕೊಳವೆಯ ಇನ್ನೊಂದು ತುದಿಯ ಎಣ್ಣೆ ಬಾಟಲಿಯಲ್ಲಿ ಗುಳ್ಳೆಗಳು ಮೊದಲಿನ ಲೆಕ್ಕದಲ್ಲೇ ಏಳುವ ತನಕ ತಿರುಗಿಸಿ ಸರಿಮಾಡಿದೆ. ಕೈ ತೊಳೆದೆ. ದಿನಚರಿಯ ಪುಸ್ತಕದಲ್ಲಿ ಆ ಮೇಜಿನ ಮುಂದೆ "ಸರಿಯಿದೆ" ಎಂದು ಬರೆದೆ. ಎಂದಿನ ರೈಲೇ ಹತ್ತಿದೆ. ಇಂದಿರಾನಗರ ದಾಟುವಾಗ, ನಾಳೆ ಬೆಳಿಗ್ಗೆ ಅವಳು ಬಂದ ಕೂಡಲೇ ಹೇಳಿಬಿಡಬೇಕು ಎಂದುಕೊಂಡೆ. ಖಂಡಿತ ಎಂದುಕೊಂಡೆ.

ಮಾರನೆಯ ಬೆಳಿಗ್ಗೆ ಅವಳು ನನಗಿಂತ ಮೊದಲೇ ಬಂದು ಬಾಗಿಲಲ್ಲಿ ನಿಂತಿದ್ದಳು. ಅವ್ವನಿಗೆ ಜ್ವರ ಇಳಿದಿದೆ ಅಂದಳು. ಒಳಗೆ ಹೋದಳು. ನಾನು ಬೀಗದ ಕೈ ಮೊಳೆಗೆ ನೇತುಹಾಕುತ್ತಿದ್ದೆ.

"ಮೇಡಮ್... ಎಲ್ಲಾ ಕೆಂಪಾಗ್ಯಾದ್ರಿ."

"ಹೌದಾ? ಎಲ್ಲೋ ಲೀಕ್ ಇರ್ಬೇಕು, ನೋಡು" ಅಂದೆ.

ಅವಳು ಏನೂ ಕೇಳಿರಲಿಲ್ಲ. ಮಾತು ತಾನಾಗಿಯೇ, ತಯಾರಾಗಿ ಕೂತಿದ್ದಂತೆ ಹೊರಬಂತು.

ಅವಳು ಲೀಕ್ ಹುಡುಕತೊಡಗಿದಳು. ಚೀಟಿ ಕಾಣದ್ದನ್ನು ಕೇಳಲಿಲ್ಲ, ಅಂಟಿಸಿದ ಕಾಗದವನ್ನು ನಾನು ಕಿತ್ತುಹಾಕುವುದು ಎಲ್ಲರಿಗೂ ಗೊತ್ತಿತ್ತು. ಇಲ್ಲದ ಲೀಕನ್ನು ಹುಡುಕುವುದು ಎಷ್ಟು ದೊಡ್ಡ ಕೆಲಸವೆಂದು ನನಗೆ ಅಲ್ಲಿಯ ತನಕ ತಿಳಿದಿರಲಿಲ್ಲ. ಪ್ರತಿ ಜೋಡಣೆಗೂ ಸೋಪಿನ ನೀರು ಹಚ್ಚಿ ಗುಳ್ಳೆ ಬರುತ್ತದೆಯೇ ಎಂದು ನೋಡಬೇಕು. ಅವಳು ಕ್ಷೌರದ ಬ್ರಷ್ಷಿನಿಂದ ಹಚ್ಚುತ್ತಿದ್ದಳು, ನಾನು ಟಾರ್ಚ್ ಹಿಡಿಯುತ್ತಿದ್ದೆ. ಹೌದು, ನಾನು ಟಾರ್ಚ್ ಹಿಡಿದೆ. "ಇಲ್ಲಿ ಇನ್ನೊಂದ್ಸಲ ಹಚ್ಚು" ಎಂದು ಹೇಳಿಯೂ ಇದ್ದೇನೆ. ರಬ್ಬರಿನ ಉಂಗುರಗಳನ್ನೆಲ್ಲ ಬದಲಿಸಿದಳು. ಸಿಲಿಂಡರಿನಲ್ಲೇ ಕಲಬೆರಕೆ ಇರಬಹುದೆಂದು ಬೇರೆ ತರಿಸಿದಳು. "ಒಳಗಿಂದ ನೈಟ್ರೋಜನ್ ದಬ್ಬಲಿಕತ್ತದ, ಹೊರಗಿನ ಗಾಳಿ ಹ್ಯಾಂಗ ಒಳಗ ಬರ್ತದ್ರಿ ಮೇಡಮ್?" ಎಂದು ಎಷ್ಟೋ ಸಲ ಕೇಳಿದಳು. ಸರಿಯಾದ ಪ್ರಶ್ನೆ. ನಾನು "ನೋಡೋಣ" ಅನ್ನುತ್ತಿದ್ದೆ.

ಒಂದು ಶನಿವಾರ ಕೊಳವೆಯನ್ನೇ ಬಿಚ್ಚಿ, ಹಳೆಯ ಸೀರೆಯಲ್ಲಿ ಸುತ್ತಿಕೊಂಡು ಶಿವಾಜಿನಗರಕ್ಕೆ ಹೋದೆವು. ರಸೆಲ್ ಮಾರ್ಕೆಟ್ಟಿನ ಹಿಂದಿನ ಓಣಿಯಲ್ಲಿ ಗಾಜು ಊದುವ ಒಬ್ಬರಿದ್ದಾರೆ. ನನ್ನ ಹಳೆಯ ಪ್ರಯೋಗಾಲಯದ ಗಾಜಿನ ಕೆಲಸವೆಲ್ಲ ಅವರ ಕೈಯಿಂದಲೇ ಆಗುತ್ತಿತ್ತು. ಈ ಕೊಳವೆಯ ತುದಿಗಳನ್ನೂ ಅವರೇ ಜೋಡಿಸಿದ್ದರು. ಲೀಕ್ ಎಂಬ ಮಾತು ಕೇಳಿದ್ದೇ ತಡ, ಅವರಿಗೆ ಸಿಟ್ಟು ಬಂತು.

"ಕ್ಯಾ ಮೇಡಂ, ನನ್ ಕೈ ಗ್ಲಾಸಲ್ಲಿ ಲೀಕಾ? ಇಷ್ಟು ವರ್ಷ ಆದ್ಮೇಲೆ ಈ ಮಾತು ಹೇಳೋಕೆ ಇಷ್ಟ್ ದೂರ ಬಂದ್ರಾ?"

ಒಂದು ತುದಿಗೆ ಬಿರಡೆ ಹಾಕಿ, ಇನ್ನೊಂದಕ್ಕೆ ಸೈಕಲ್ ಪಂಪ್ ಸಿಕ್ಕಿಸಿ, ಕೊಳವೆಯನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿದರು. ಮೂವರೂ ಬಗ್ಗಿ ನೋಡಿದೆವು. ಒಂದು ಗುಳ್ಳೆಯೂ ಏಳಲಿಲ್ಲ.

"ನೋಡಿದ್ಯಾ ಬೇಟಿ? ನೀರಲ್ಲಿ ಮೀನಿದ್ರೂ ಸತ್ತೋಗ್ತಿತ್ತು, ಒಂದ್ ಉಸಿರು ಗಾಳಿ ಇಲ್ಲ" ಎಂದು ನಕ್ಕರು. ಆಮೇಲೆ ತುದಿಯನ್ನು ಬೆಳಕಿಗೆ ಹಿಡಿದು, "ಲೀಕ್ ಗೀಕ್ ಏನಿಲ್ಲ. ಯಾರೋ ತೆಗ್ದಿರ್ತಾರೆ ಅಷ್ಟೆ. ನೀನಿಲ್ದಾಗ ಯಾರೋ ತೆಗ್ದು ಮುಚ್ಚಿರ್ತಾರೆ" ಅಂದರು.

ಹುಡುಗಿ ನನ್ನ ಕಡೆ ತಿರುಗಲೂ ಇಲ್ಲ.

"ಛೇ, ಇಲ್ಲ ಚಾಚಾ. ನಮ್ಮ ಲ್ಯಾಬ್‌ನಲ್ಲಿ ಮೇಡಂ ಇರ್ತಾರೆ. ಮೇಡಂ ಇರೋವಾಗ ಯಾರೂ ಒಂದು ಕಡ್ಡೀನೂ ಮುಟ್ಟಲ್ಲ."

ಅವರು ಕೊಳವೆ ಒರೆಸುತ್ತ ನನ್ನನ್ನು ನೋಡಿದರು. "ಹೂಂ, ಅದೂ ಸರಿನೇ. ಮೇಡಂ ಇದ್ರೆ ನೊಣಾನೂ ಪರ್ಮಿಶನ್ ಕೇಳತ್ತೆ" ಅಂದರು. ಚಹಾ ತರಿಸಿದರು. ಕುಡಿದೆ. ಗಾಜನ್ನು ಪರೀಕ್ಷಿಸಿದ್ದಕ್ಕೆ ಅವರು ಏನೂ ತೆಗೆದುಕೊಳ್ಳಲಿಲ್ಲ. ಅವತ್ತು ಹೇಳುವುದಕ್ಕೆ ಅದಕ್ಕಿಂತ ಒಳ್ಳೆಯ ಅವಕಾಶ ಬೇಕಿರಲಿಲ್ಲ. ಮಾರ್ಕೆಟ್ಟಿನ ಗದ್ದಲದಲ್ಲಿ ಬಸ್ಸಿಗೆ ಕಾಯುವಾಗಲೂ ಹೇಳಬಹುದಿತ್ತು. ಅವಳು ಸೀರೆಯ ಗಂಟನ್ನು ಮಗುವಿನಂತೆ ಎದೆಗೆ ಒತ್ತಿಕೊಂಡು ನಿಂತಿದ್ದಳು. ನಾನು ಬಸ್ಸಿನ ನಂಬರುಗಳನ್ನು ನೋಡುತ್ತಿದ್ದೆ.

ಕೊಳವೆಯಲ್ಲಿ ತಪ್ಪಿಲ್ಲವೆಂದ ಮೇಲೆ ಅವಳ ಸಂಶಯ ಹೋಗಿ ತಲುಪಿದ್ದು ಅವಳ ವಿಧಾನಕ್ಕೆ. ಪುಡಿ ತೀರ ನುಣುಪಾಗಿದ್ದರಿಂದಲೇ ಹೀಗಾಯಿತು ಎಂದುಕೊಂಡು, ಜಲಜನಕದ ಹಂತದಲ್ಲಿ ಕಾವನ್ನು ಏರಿಸಿದಳು. ಕಾವು ಏರಿದರೆ ಕಣಗಳು ಒಂದಕ್ಕೊಂದು ಅಂಟಿ ದಪ್ಪಗಾಗುತ್ತವೆ. ದಪ್ಪ ಕಣ ಗಾಳಿಗೆ ಹೆದರುವುದಿಲ್ಲ ನಿಜ, ಆದರೆ ಸಾರಜನಕವನ್ನೂ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಚಿಟಿಕೆ ಪುಡಿಯನ್ನು ವಿದ್ಯುತ್ಕಾಂತದ ಎರಡು ಧ್ರುವಗಳ ನಡುವೆ ಕಂಪಿಸುವಂತೆ ಮಾಡಿ, ಗ್ರಾಮಿಗೆ ಎಷ್ಟು ಕಾಂತತ್ವ ಎಂದು ಅಳೆಯುವ ಯಂತ್ರ ನಮ್ಮಲ್ಲಿದೆ. ಅದನ್ನು ನಡೆಸುವವಳು ನಾನು. ಅವಳ ಹೊಸ ಪುಡಿಗಳಲ್ಲಿ ಇದ್ದದ್ದು ಹೆಚ್ಚಿನ ಪಾಲು ಬರೀ ಕಬ್ಬಿಣ. ಒಂದಾದ ಮೇಲೊಂದು ರೇಖೆ ಎಳೆದು ಕೊಟ್ಟೆ. ಯಾವುದರಲ್ಲೂ ಏನೂ ಇರಲಿಲ್ಲ.

ಪ್ರೊಫೆಸರು ನನ್ನನ್ನು ಕೋಣೆಗೆ ಕರೆದರು.

"ಮೇಡಂ, ಮುಂದಿನ ವಾರ ಇವಳ ರಿವ್ಯೂ ಇದೆ. ನೈಟ್ರೈಡ್ ಬಿಡಿಸಿ ಫೆರೈಟ್‌ಗೆ ಶಿಫ್ಟ್ ಮಾಡೋಣ ಅಂತಿದೀನಿ. ಹೊಸದಾಗಿ ಏನೂ ಬರಲ್ಲ, ಆದ್ರೆ ಡಿಗ್ರಿ ಅಂತ ಒಂದು ಆಗತ್ತೆ. ಅವಳ ಕೈಗುಣಾನೇ ಸರಿ ಇಲ್ವೇನೋ. ನೀವು ದಿನಾ ನೋಡ್ತೀರಲ್ಲ, ಏನಂತೀರಾ?"

ನೇರವಾಗಿ ಕೇಳಿದರು. ಉತ್ತರ ನನ್ನ ಬಳಿಯಿತ್ತು. ಅವಳ ಕೈ ನಾನು ಕಂಡ ಕೈಗಳಲ್ಲೇ ಒಳ್ಳೆಯದು. ಪುಡಿ ಚೆಲ್ಲದ, ಮೇಜಿನ ಮೇಲೆ ಬೆರಳಚ್ಚು ಬಿಡದ ಕೈ.

"ಇನ್ನೂ ಕಲೀತಿದಾಳೆ" ಅಂದೆ.

ಪುಡಿ ಸುಟ್ಟದ್ದು ನನ್ನ ತಪ್ಪು. ಮರುದಿನ ಲೀಕ್ ಅಂದದ್ದು ಹೇಡಿತನ. ಈ ಎರಡು ಪದಕ್ಕೆ ಏನು ಹೆಸರು ಕೊಡಬೇಕೋ ನನಗೆ ತಿಳಿಯದು. ಹೆಚ್ಚು ಕೆಟ್ಟದ್ದು ಇದೇ ಎಂಬುದು ಮಾತ್ರ ಗೊತ್ತು. ಅವತ್ತು ಮನೆಯಲ್ಲಿ ಅಕ್ಕಿ ಆರಿಸುತ್ತ ಕೂತಾಗ, ಇದರಿಂದ ನನಗೆ ಏನಾಗುತ್ತದೆ ಎಂದು ಲೆಕ್ಕ ಹಾಕಿ ನೋಡಿದೆ. ಕೆಲಸ ಹೋಗುವುದಿಲ್ಲ, ಹೋದರೂ ಪಿಂಚಣಿಯಿದೆ. ಗಂಡ ಇಲ್ಲ, ಬೈಯುವವರಿಲ್ಲ. ಹೋಗುವುದೆಂದರೆ "ಐದು ಗಂಟೆ" ಎಂಬ ಹೆಸರು. ಅದೊಂದಕ್ಕಾಗಿ ಒಬ್ಬ ಹುಡುಗಿಯ ಮೂರು ವರ್ಷದ ಕೆಲಸವನ್ನು ಬಿಟ್ಟುಕೊಡಲು ಒಪ್ಪಿದ್ದೆ.

ರಿವ್ಯೂಗೆ ಎರಡು ದಿನವಿತ್ತು. ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಅವಳು ತಕ್ಕಡಿಯ ಕೋಣೆಯಲ್ಲಿ ಒಂದು ಮಾದರಿ ತೂಗುತ್ತಿದ್ದಳು. ನಾನು ಬಾಗಿಲಲ್ಲಿ ನಿಂತು ನೋಡಿದೆ. ತೂಗಿದಳು, ಬರೆದಳು, ತೆಗೆದಳು, ಮತ್ತೆ ಇಟ್ಟು ತೂಗಿದಳು. ಅಂಕಿ ಅದೇ. ಮತ್ತೊಮ್ಮೆ ತೂಗಿದಳು. ನಾಲ್ಕನೆಯ ಸಲ ಚಿಮಟ ಬಟ್ಟಲಿಗೆ ತಗಲಿ ಟಿಣ್ ಎಂದಿತು. ಅವಳು ಬೆಚ್ಚಿ ಕೈ ಹಿಂದಕ್ಕೆಳೆದುಕೊಂಡಳು. ಮೂರು ತಿಂಗಳ ಹಿಂದೆ ಅವಳು ಒಂದೇ ಸಲ ತೂಗುತ್ತಿದ್ದಳು.

"ಒಂದ್ಸಲ ಸಾಕು" ಅಂದೆ.

"ನನ್ನ ಕೈ ಮ್ಯಾಲ ನನಗ ನಂಬಿಕಿ ಇಲ್ರಿ ಮೇಡಮ್."

ಬಾಗಿಲು ಮುಚ್ಚಿದೆ. ನಿಂತುಕೊಂಡೇ ಹೇಳಿದೆ. ಇಲ್ಲಿ ಬರೆದಂತೆಯೇ, ಕ್ರಮವಾಗಿ: ಚೀಟಿ, ಸಿಲಿಂಡರು, ಹಿಡಿಕೆ, ಕೊಕ್ಕೆ, ಕೆಂಪು, ಮತ್ತೆ ಮುಚ್ಚಿದ್ದು, ಪುಸ್ತಕದಲ್ಲಿ ಬರೆದದ್ದು. ಪ್ರೊಫೆಸರರಿಗೆ ಹೇಳಿದ ಎರಡು ಪದವನ್ನೂ ಹೇಳಿದೆ. ಕ್ಷಮಿಸು ಎಂದೆ. ಆ ಮಾತು ನನ್ನ ಬಾಯಲ್ಲಿ ಹೊಸ ಹಲ್ಲಿನ ಸೆಟ್ಟಿನಂತೆ ಒಗ್ಗದೆ ಅಲುಗಾಡಿತು.

ಅಳುತ್ತಾಳೆ ಎಂದುಕೊಂಡಿದ್ದೆ, ಇಲ್ಲವೇ ಬೈಯುತ್ತಾಳೆ. ಅವಳು ನೋಟ್‌ಪುಸ್ತಕ ತೆರೆದು ಪೆನ್ನು ಹಿಡಿದಳು.

"ಯಾವ ಮೂಲಿಯಿಂದ ಹತ್ತಿತ್ರಿ?"

"ನನ್ನ ಕಡೆಯ ಎಡಗಡೆ."

"ದೋಣಿ ಅಲುಗಾಡಿಸಿದ್ರೇನು, ಇಲ್ಲಾ ಸುಮ್ಮನಿದ್ದಾಗೇ ಹತ್ತಿತೇನು?"

"ಸುಮ್ಮನೆ ಎಳೀತಿದ್ದೆ. ಗಾಳಿ ತಾಕಿದ ತಕ್ಷಣ."

"ತಕ್ಷಣ ಅಂದ್ರ? ಒಂದು ಸೆಕೆಂಡೋ, ಐದೋ?"

"ಎರಡು. ಎರಡಕ್ಕಿಂತ ಹೆಚ್ಚಿಲ್ಲ."

"ಮ್ಯಾಲೆ ಅಷ್ಟೇನು, ಒಳಗತನಕ?"

"ಮೇಲೆ ಹರೀತು. ಆಮೇಲೆ ಒಳಗೂ. ಪೂರ್ತಿ."

ಎಲ್ಲವನ್ನೂ ಬರೆದುಕೊಂಡಳು. ಬರೆಯುತ್ತ ಬರೆಯುತ್ತ ಅವಳ ಪೆನ್ನು ನಿಂತಿತು. ಆಗ ನನಗೂ ಅರ್ಥವಾಯಿತು. ಅಷ್ಟು ಬೇಗ, ಅಷ್ಟು ಪೂರ್ತಿಯಾಗಿ ಹೊತ್ತಿಕೊಳ್ಳಬೇಕಾದರೆ ಪುಡಿ ಅಷ್ಟು ನುಣ್ಣಗೆ, ಅಷ್ಟು ಶುದ್ಧವಾಗಿ ಬಂದಿರಬೇಕು. ಅವಳು ಬೇಕೆಂದಿದ್ದ ಹಾಗೆಯೇ ಬಂದಿತ್ತು. ಅವಳ ಮೊದಲ ವಿಧಾನವೇ ಸರಿಯಾಗಿತ್ತು ಎನ್ನುವುದಕ್ಕೆ ಇದ್ದ ಒಂದೇ ಸಾಕ್ಷಿ ನಾನು ಕಂಡ ಆ ಹತ್ತು ಸೆಕೆಂಡಿನ ಕೆಂಪು. ನಾನು ಅದನ್ನು ಜೇಬಿನಲ್ಲಿಟ್ಟುಕೊಂಡು ಅವಳಿಗೆ ಟಾರ್ಚ್ ಹಿಡಿಯುತ್ತಿದ್ದೆ. ಒಂದು ಪುಡಿ ಹಾಳುಮಾಡಿದೆ ಎಂದಷ್ಟೇ ತಿಳಿದಿದ್ದೆ. ಮೂವತ್ತೆರಡು ವರ್ಷ ಪ್ರಯೋಗಾಲಯದಲ್ಲಿದ್ದವಳಿಗೆ, ಕಂಡದ್ದನ್ನು ಮುಚ್ಚಿಡುವುದೇ ದೊಡ್ಡ ಹಾನಿ ಎಂಬುದು ಹೊಳೆದಿರಲಿಲ್ಲ.

"ನೀವು ಸ್ವಲ್ಪ ಹೊರಗ ಹೋಗ್ರಿ ಮೇಡಮ್" ಅಂದಳು.

ಹೋದೆ. ಕಾರಿಡಾರಿನಲ್ಲಿ ನಿಂತೆ. ಕಾಲು ಗಂಟೆಯ ಮೇಲೆ ಅವಳು ಬಂದಳು. ಕಣ್ಣು ಒಣಗಿತ್ತು.

"ಮೂರು ತಿಂಗಳ ನಮ್ಮವ್ವನ್ನ ಬೈದೀನ್ರಿ ನಾ. ಅವತ್ತ ಆಕಿಗಿ ಜ್ವರ ಬರದಿದ್ರ ನಾ ಇಲ್ಲೇ ಇರ್ತಿದ್ದೆ, ಇದೆಲ್ಲಾ ಆಗ್ತಿರಲಿಲ್ಲ ಅಂತ. ಆಕಿ ಮುಂದೇ ಅಂದೀನಿ. ಆಕಿ 'ಹೌದವ್ವ, ನಂದೇ ತಪ್ಪು' ಅಂದಾಳ."

ಅವಳ ಅವ್ವನನ್ನು ನಾನು ನೋಡಿಯೂ ಇರಲಿಲ್ಲ.

ಆ ಮಧ್ಯಾಹ್ನವೇ ಅವಳ ಜೊತೆ ಪ್ರೊಫೆಸರರ ಕೋಣೆಗೆ ಹೋಗಿ ಹೇಳಿದೆ. ಅವರು ಕುರ್ಚಿಯಲ್ಲಿ ಹಿಂದೆ ಮುಂದೆ ಸರಿದಾಡಿದರು. "ಅಯ್ಯೋ ಬಿಡಿ ಮೇಡಂ, ಇಂಥದ್ದೆಲ್ಲ ಆಗ್ತಿರತ್ತೆ. ರಿವ್ಯೂನಲ್ಲಿ ಇದೆಲ್ಲ ಯಾಕೆ, ಟೆಕ್ನಿಕಲ್ ಪ್ರಾಬ್ಲಂ ಅಂದ್ರಾಯ್ತು" ಅಂದರು. ನನ್ನ ವಯಸ್ಸಿಗೆ ಅವರು ಕೊಟ್ಟ ಮರ್ಯಾದೆ ಅದು. ಹುಡುಗಿ ನೆಲ ನೋಡುತ್ತಿದ್ದಳು. ನಾನು ರಿವ್ಯೂಗೆ ಬರುತ್ತೇನೆ ಎಂದೆ. ಬಂದೆ. ಅವಳ ಕೆಲಸ ಪರಿಶೀಲಿಸಲು ಹೊರಗಿನಿಂದ ಬಂದಿದ್ದ ಮೂವರ ಮುಂದೆ ಐದು ನಿಮಿಷ ಮಾತಾಡಿದೆ. ಒಬ್ಬರು ಕನ್ನಡಕ ತೆಗೆದು, "ಫೆರೈಟ್ ಕೈ ಅಲ್ವಾ ನಿಮ್ದು, ಅದಕ್ಕೇ" ಎಂದು ನಕ್ಕರು. ಉಳಿದಿಬ್ಬರೂ ನಕ್ಕರು. ನೈಟ್ರೈಡ್ ಮುಂದುವರಿಸಲಿ, ಹಳೆಯ ಕಾವಿಗೇ ಹಿಂದಿರುಗಲಿ, ಆರು ತಿಂಗಳು ಹೆಚ್ಚಿಗೆ ಕೊಡೋಣ ಎಂದು ಬರೆದರು. ಯಾರೂ ನನ್ನನ್ನು ಗದರಲಿಲ್ಲ. ಗದರಿದ್ದರೆ ಒಳ್ಳೆಯದಿತ್ತು ಎಂದು ಹೇಳಿ ದೊಡ್ಡವಳಾಗಲಾರೆ. ಗದರದೇ ಇದ್ದಾಗ ಸಮಾಧಾನವೇ ಆಯಿತು. ಆ ಸಮಾಧಾನಕ್ಕೂ ನಾಚಿಕೆಯಾಯಿತು.

ಅವಳು ಮೊದಲಿನ ಕಾವಿಗೇ ಹೋದಳು. ಈ ಸಲ ಸಾರಜನಕ ರಾತ್ರಿಯೂ ಹರಿಯಲಿ ಎಂದು ನಾನೇ ಲಿಖಿತವಾಗಿ ಬರೆದುಕೊಟ್ಟೆ. ಆ ಐದು ದಿನ ಅವಳ ಮೇಜಿನ ಹತ್ತಿರ ಹೋಗಲಿಲ್ಲ. ಅವಳು ಕರೆಯಲೂ ಇಲ್ಲ. ಮೊದಲೆಲ್ಲ ಹನ್ನೊಂದಕ್ಕೆ "ಚಾ ಆಗ್ಯಾದ ಬರ್ರಿ" ಅನ್ನುತ್ತಿದ್ದಳು, ಅದು ನಿಂತಿತ್ತು. ಮಾತು ಬೆಂಗಳೂರಿನ ಕನ್ನಡಕ್ಕೆ ಬದಲಾಗಿತ್ತು. "ಮೇಡಂ, ಸ್ಯಾಂಪಲ್ ರೆಡಿ ಇದೆ, ಮೆಷೀನ್ ಫ್ರೀ ಇದ್ಯಾ?" ಎಂದು ಕೇಳಿದಾಗ, ಎಲ್ಲ ಹುಡುಗರ ಜೊತೆ ಆಡುವ ಮಾತನ್ನೇ ನನ್ನ ಜೊತೆಯೂ ಆಡಿದಳು.

ಪುಡಿ ಬೂದಿ ಬಣ್ಣದ್ದೇ ಇತ್ತು. ಅವಳು ಒಂದೇ ಸಲ ತೂಗಿದಳು. ನಾನು ಯಂತ್ರಕ್ಕೆ ಹಾಕಿದೆ. ಪರದೆಯ ಮೇಲೆ ರೇಖೆ ಏರುತ್ತ ಹೋಯಿತು. ಅವಳ ದಪ್ಪ ಕಣದ ಪುಡಿಗಳು ನಿಲ್ಲುತ್ತಿದ್ದ ಎತ್ತರವನ್ನು ದಾಟಿ ಹೋಯಿತು. ಶುದ್ಧ ಕಬ್ಬಿಣವನ್ನೂ ಮೀರಿತೇ ಎಂಬುದು ಹೇಳಲಾಗದಷ್ಟು ಹತ್ತಿರದ ವಿಷಯ. ಆ ವಾದ ಅವಳ ಪ್ರಬಂಧದಲ್ಲಿದೆ, ತಿಳಿದವರು ಓದಿಕೊಳ್ಳಲಿ. ಆದರೆ ವಿದ್ಯುತ್ಕಾಂತದ ಬಲವನ್ನು ಹಿಂದಕ್ಕೆ ಇಳಿಸಿದಾಗ ರೇಖೆ ಅದೇ ದಾರಿಯಲ್ಲಿ ಇಳಿಯದೆ ಅಗಲವಾದ ಕುಣಿಕೆಯಾಗಿ ತೆರೆದುಕೊಂಡಿತು. ಅಂದರೆ ಪುಡಿ ಕಾಂತವಾಗಿ ಉಳಿಯುತ್ತದೆ. ಅವಳು ಪರದೆಗೆ ಅಂಟಿಕೊಂಡಂತೆ ಕೂತಿದ್ದಳು. "ಬಂತಲ್ರಿ" ಅಂದಳು. ನನಗೆ ಹೇಳಿದ್ದೋ, ತನಗೇ ಹೇಳಿಕೊಂಡದ್ದೋ, ಗೊತ್ತಾಗಲಿಲ್ಲ.

ಮುಂದಿನ ವರ್ಷ ಪ್ರಬಂಧದ ಕರಡನ್ನು ನನ್ನ ಮೇಜಿಗೆ ತಂದಿಟ್ಟಳು. ಒಂದು ಪುಟಕ್ಕೆ ಪೆನ್ಸಿಲ್ ಗುರುತು ಹಾಕಿತ್ತು. ಅಲ್ಲಿದ್ದ ಇಂಗ್ಲಿಷ್ ವಾಕ್ಯವನ್ನು ಕನ್ನಡದಲ್ಲಿ ಹೇಳುವುದಾದರೆ ಹೀಗೆ: ಆಕಸ್ಮಿಕವಾಗಿ ಗಾಳಿಗೆ ಒಡ್ಡಿಕೊಂಡ ಒಂದು ಮಾದರಿ ಎರಡು ಸೆಕೆಂಡಿನೊಳಗೆ ಅಂಚಿನಿಂದ ಹೊತ್ತಿಕೊಂಡು ಪೂರ್ತಿ ಉರಿದದ್ದು ಕಂಡುಬಂತು, ಕಣಗಳು ಬಹಳ ಸೂಕ್ಷ್ಮವಾಗಿದ್ದವೆಂಬುದಕ್ಕೆ ಇದು ಪುಷ್ಟಿ ಕೊಡುತ್ತದೆ.

"ಸರಿ ಇದ್ಯಾ ಮೇಡಂ? ನೋಡಿದವರು ನೀವೇ ಅಲ್ವಾ."

"ಆಕಸ್ಮಿಕ ಅಂತ ಯಾಕೆ ಬರ್ದಿದೀಯಾ? ನೀನು ಹೇಳಿ ಹೋಗಿದ್ದೆ. ಚೀಟಿ ಇತ್ತು. ಅದನ್ನ ತೆಗಿ."

"ಮತ್ತೇನು ಬರೀಲಿ? ಮೇಡಂ ತೆಗೆದ್ರು ಅಂತ ಬರೀಲಾ?"

"ಬರಿ. ಲ್ಯಾಬ್ ನೋಡ್ಕೊಳೋರು ಸೂಚನೆ ಮೀರಿ ತೆಗೆದರು ಅಂತ ಬರಿ."

ಅವಳು ನಕ್ಕಳು. ಬಹಳ ದಿನದ ಮೇಲೆ ನಕ್ಕದ್ದು. "ಥೀಸಿಸ್ ಅದ ಇದು, ಪೊಲೀಸ್ ಕಂಪ್ಲೇಂಟ್ ಅಲ್ರಿ ಮೇಡಮ್" ಎಂದು ಕರಡನ್ನು ಎತ್ತಿಕೊಂಡಳು. ಬಾಗಿಲ ತನಕ ಹೋಗಿ ತಿರುಗಿ, "ಇರಲಿ ಬಿಡ್ರಿ. ಇದ್ರ ಏನಾಗ್ತದ" ಅಂದಳು.

ಪ್ರಬಂಧ ಕಟ್ಟಿಸಿ ಬಂತು. ಒಂದು ಪ್ರತಿ ನಮ್ಮ ಗ್ರಂಥಾಲಯದ ಕಪಾಟಿನಲ್ಲಿದೆ. ಅದರಲ್ಲಿರುವ ನೂರಾರು ಅಳತೆಗಳಲ್ಲಿ ಒಂದೂ ಸುಳ್ಳಿಲ್ಲ. ಅಳೆದ ಪುಡಿಯೆಲ್ಲ ಅವಳ ಕೈಯದು. ಸುಳ್ಳಿರುವುದು ಆಕಸ್ಮಿಕ ಎಂಬ ಆ ಒಂದು ಪದದಲ್ಲಿ. ಅದನ್ನು ಅವಳು ನನಗೋಸ್ಕರ ಬರೆದಳು, ನಾನು ಬರೆಯಲು ಬಿಟ್ಟೆ. ಎರಡನೆಯ ಸಲ ತೆಗಿ ಎಂದು ಹೇಳಲಿಲ್ಲ.